ಊರ ನಾಟಕ ಯೂಟ್ಯೂಬಿಗೆ ಹಾಕೋ ಮುಂಚೆ: ಕಾಪಿರೈಟ್ ತಲೆನೋವು ತಪ್ಪಿಸ್ಕೊಳೋದು ಹೆಂಗೆ, ಒಬ್ಬ ವಿಡಿಯೋದವನ ಅನುಭವ

ಶಿವರಾತ್ರಿ ಕಳೀತು ಅಂದ್ರೆ ನಮ್ಮ ತುಮಕೂರು ಕಡೆ ಕುರುಕ್ಷೇತ್ರ ಶುರು. ಗುಬ್ಬಿ, ತುರುವೇಕೆರೆ, ಕುಣಿಗಲ್, ಸಿರಾ, ಎಲ್ಲಿ ಹೋದ್ರೂ ಜಾತ್ರೆ ಬಯಲಲ್ಲಿ ಸೀನರಿ ಕಟ್ಟಿರ್ತಾರೆ, ಪಾಂಪ್ಲೆಟ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಅಂತ ಹಾಕ್ಸಿ ಹನ್ನೊಂದಕ್ಕೆ ಶುರು ಮಾಡಿ, ಕೋಳಿ ಕೂಗೋ ಹೊತ್ತಿಗೆ ದುರ್ಯೋಧನನ ತೊಡೆ ಮುರೀತಾರೆ. ನಾನು ಮದುವೆ ವಿಡಿಯೋ ಮಾಡೋನು, ಸೀಸನ್ನಲ್ಲಿ ನಾಟಕಾನೂ ಮಾಡ್ತೀನಿ. ಪೆನ್‌ಡ್ರೈವ್ ಕೊಟ್ಟು ಒಂದು ವಾರ ಆಗಿರಲ್ಲ, ಫೋನ್ ಬರುತ್ತೆ. "ಅಣ್ಣಾ, ನೀನ್ ಕೊಟ್ಟ ವಿಡಿಯೋನ ನಮ್ ಹುಡ್ಗ ಯೂಟ್ಯೂಬಿಗೆ ಹಾಕವ್ನೆ, ಏನೋ ಕಾಪಿರೈಟ್ ಅಂತ ಬಂದೈತಂತೆ, ಪೊಲೀಸ್ ಗಿಲೀಸ್ ಬತ್ತಾರಾ?"

ಪೊಲೀಸ್ ಬರಲ್ಲ ಕಣಪ್ಪ, ಮಲ್ಕೋ ಅಂತ ಹೇಳಿ ಇಟ್ಬಿಡ್ತಿದ್ದೆ. ಆದ್ರೆ ಈ ಫೋನು ಎಷ್ಟು ಸಲ ಬಂದಿದೆ ಅಂದ್ರೆ, ಒಬ್ಬೊಬ್ಬರಿಗೂ ಹೇಳೋ ಬದ್ಲು ಒಂದೇ ಸಲ ಬರ್ದು ಹಾಕೋಣ ಅನ್ನಿಸ್ತು. ನಾನು ವಕೀಲ ಅಲ್ಲ. ಆದ್ರೆ ಕಾಯ್ದೆ ಕೂತ್ಕೊಂಡು ಓದಿದ್ದೀನಿ, ಯಾಕಂದ್ರೆ ನಂಗೇ ಒಂದ್ಸಲ ಚೆನ್ನಾಗಿ ಏಟು ಬಿದ್ದಿತ್ತು, ಆ ಕಥೆ ಕೊನೇಲಿ ಹೇಳ್ತೀನಿ.

ಮೊದ್ಲು ಪಾಪ ಒಪ್ಕೊಂಡುಬಿಡ್ತೀನಿ. ಕಾಲೇಜು ಬಿಟ್ಟ ಹೊಸದ್ರಲ್ಲಿ ನಾನು ಬಿ.ಎಚ್. ರೋಡಲ್ಲಿ ಒಂದು ಮೊಬೈಲ್ ಅಂಗಡೀಲಿ ಕೆಲ್ಸಕ್ಕಿದ್ದೆ, ಕೆಲ್ಸ ಏನು ಅಂದ್ರೆ ಬೆಳಗ್ಗಿಂದ ಸಂಜೆವರ್ಗೂ ಮೆಮೊರಿ ಕಾರ್ಡಿಗೆ ಹಾಡು ತುಂಬ್ಸೋದು. ಹಳ್ಳಿಯಿಂದ ಸಂತೆಗೆ ಬಂದೋರು ಕಾರ್ಡ್ ಕೊಟ್ಟು "ಹಳೇ ಹಾಡು ಅರ್ಧ, ಹೊಸಾದು ಅರ್ಧ, ಮಿಕ್ಕಿದ್ ಜಾಗಕ್ಕೆ ಹರಿಕತೆ" ಅಂತ ಹೇಳಿ ತರಕಾರಿಗೆ ಹೋಗೋರು, ವಾಪಸ್ ಬರೋದ್ರೊಳಗೆ ಕಾರ್ಡ್ ರೆಡಿ. ಅಮೆರಿಕಾದಲ್ಲಿ 1999ರಲ್ಲಿ ನ್ಯಾಪ್‌ಸ್ಟರ್ ಅಂತ ಬಂದು, ಹಾಡು ಹಂಚ್ಕೊಳೋಕೆ ಜನ ಮುಗಿಬಿದ್ದು, 2001ರಲ್ಲಿ ಕೋರ್ಟು ಅದರ ಬಾಗಿಲು ಹಾಕ್ಸಿತ್ತು ಅಂತ ನಾನು ಓದಿದ್ದೇ ಎಷ್ಟೋ ವರ್ಷ ಆದ್ಮೇಲೆ. ನಮ್ಮ ಅಂಗಡಿಗೆ ಯಾವ ಕೋರ್ಟೂ ಬರ್ಲಿಲ್ಲ. ಆಮೇಲೆ ಬ್ಲೂಟೂತು, ಶೇರ್‌ಇಟ್ಟು (ಅದೂ 2020ರಲ್ಲಿ ಬ್ಯಾನ್ ಆಯ್ತು), ಈಗ ವಾಟ್ಸಾಪು ಟೆಲಿಗ್ರಾಮು. ಹಂಚ್ಕೊಳೋದು ನಮಗೆ ಅಭ್ಯಾಸ ಆಗೋಗಿದೆ, ಮನೇಲಿ ಹೋಳಿಗೆ ಮಾಡಿದ್ರೆ ಪಕ್ಕದ್ ಮನೆಗೆ ಕೊಡಲ್ವಾ, ಹಂಗೆ. ಅದ್ರಲ್ಲಿ ತಪ್ಪು ಹುಡುಕೋಕೆ ನಾನು ಬಂದಿಲ್ಲ. ಆದ್ರೆ ಆ ಎಂಟು ಜಿಬಿ ಕಾರ್ಡಲ್ಲಿ ಹರಿಕತೆ ಯಾರು ಮಾಡಿದ್ದು ಅಂತ ಒಬ್ರಿಗೂ ಗೊತ್ತಿರ್ಲಿಲ್ಲ ನೋಡಿ, ಫೈಲ್ ಹೆಸ್ರು "ಟ್ರ್ಯಾಕ್ 07". ನನ್ನ ತಕರಾರು ಇರೋದು ಅಲ್ಲಿ.

ಈಗ ವಿಷಯಕ್ಕೆ ಬರೋಣ. ನಾಟಕದ ವಿಡಿಯೋ ಅಂದ್ರೆ ಒಂದೇ ಸಾಮಾನು ಅಲ್ಲ. ಪಿತ್ರಾರ್ಜಿತ ಜಮೀನು ಇದ್ದಂಗೆ, ಐದಾರು ಜನದ ಪಾಲಿರುತ್ತೆ, ಒಬ್ಬ ಸೈನ್ ಹಾಕಿದ್ರೆ ರಿಜಿಸ್ಟ್ರಿ ಆಗಲ್ಲ. ಅದಕ್ಕೇ ವಿಡಿಯೋ ಹಾಕೋ ಮುಂಚೆ ಪಹಣಿ ತೆಗ್ಸೋ ತರ ಯಾರ್ ಯಾರ ಪಾಲು ಎಷ್ಟಿದೆ ಅಂತ ನೋಡ್ಕೊಬೇಕು.

ಕಥೆಯಿಂದ ಶುರು ಮಾಡಿ. ಮಹಾಭಾರತ ಯಾರಪ್ಪನ ಆಸ್ತೀನೂ ಅಲ್ಲ. ಕಥೆಗೆ, ಐಡಿಯಾಗೆ ಕಾಪಿರೈಟ್ ಇಲ್ಲ, ಬರ್ದಿರೋ ರೀತಿಗೆ ಮಾತ್ರ ಇರೋದು ಅಂತ ಸುಪ್ರೀಂ ಕೋರ್ಟು 1978ರಲ್ಲೇ ಒಂದು ನಾಟಕ-ಸಿನಿಮಾ ಜಗಳದಲ್ಲಿ ಹೇಳಿಬಿಟ್ಟಿದೆ. ಕುಮಾರವ್ಯಾಸನ ಪದ್ಯ ಎಷ್ಟು ಬೇಕಾದ್ರೂ ಹಾಡಿ, ಅವನು ಹದಿನೈದನೇ ಶತಮಾನದೋನು. ಆದ್ರೆ ನಿಮ್ಮ ಮೇಷ್ಟ್ರು ಪ್ರ್ಯಾಕ್ಟೀಸಿಗೆ ತಂದಿರೋ ಅಂಚು ಹರಿದಿರೋ ನಾಟಕದ ಪುಸ್ತಕ ಇದ್ಯಲ್ಲ, ಅದನ್ನ ಒಬ್ರು ಬರ್ದಿರ್ತಾರೆ. ಅವರು ತೀರ್ಕೊಂಡು 60 ವರ್ಷ ಆಗೋವರ್ಗೂ ಆ ಮಾತು, ಆ ಕಂದಪದ್ಯ ಎಲ್ಲಾ ಅವರ ಮನೆಯೋರ್ದು, ಇಲ್ಲಾ ಬರ್ಕೊಡಿಸ್ಕೊಂಡಿದ್ರೆ ಪ್ರಕಾಶಕರ್ದು. ಲೆಕ್ಕ ಹೆಂಗೆ ಅಂದ್ರೆ ಸತ್ತ ಮುಂದಿನ ಜನವರಿ ಒಂದರಿಂದ 60 ವರ್ಷ.

ನಮ್ಮ ಕಡೆಯೋರನ್ನೇ ಇಟ್ಕೊಂಡು ಲೆಕ್ಕ ಹಾಕೋಣ, ಸುಲಭ ಆಗುತ್ತೆ. ಮುದ್ದೇನಹಳ್ಳಿ ವಿಶ್ವೇಶ್ವರಯ್ಯನವರು ತೀರ್ಕೊಂಡಿದ್ದು 1962, ಅಲ್ಲಿಗೆ ಅವರು ಬದುಕಿದ್ದಾಗ ಬರ್ದು ಪ್ರಿಂಟ್ ಮಾಡ್ಸಿದ್ದೆಲ್ಲ 2023ರ ಜನವರಿಯಿಂದ ಎಲ್ಲರ್ದೂ. ಮುಳಬಾಗಿಲಿನ ಡಿವಿಜಿ ಹೋಗಿದ್ದು 1975, ಹಂಗಾಗಿ 2035 ಮುಗಿಯೋವರ್ಗೂ ಕಗ್ಗಕ್ಕೆ ಕಾಪಿರೈಟ್ ಇದೆ. ದಿನಾ ಬೆಳಗ್ಗೆ ಹೂವಿನ ಫೋಟೋ ಮೇಲೆ ಕಗ್ಗ ಹಾಕಿ ಗ್ರೂಪಿಗೆ ಕಳ್ಸೋ ನಮ್ಮ ದೊಡ್ಡಪ್ಪನ್ನ ಯಾರೂ ಹಿಡ್ಕೊಂಡು ಹೋಗಲ್ಲ, ಆದ್ರೆ ಪೂರ್ತಿ ಪುಸ್ತಕ ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕೋದು ಬೇರೆ ಮಾತು. ಮಾಲೂರಿನ ಮಾಸ್ತಿ ಅವರ್ದು ಇನ್ನೂ ದೂರ, 1986ರಲ್ಲಿ ಹೋಗಿದ್ದು, 2046 ದಾಟ್ಬೇಕು. ಕೈವಾರ ತಾತಯ್ಯನವರ ಕೀರ್ತನೆ ಅಂದ್ರೆ ಸುಮಾರು ಇನ್ನೂರು ವರ್ಷದ ಹಿಂದಿಂದು, ಧಾರಾಳವಾಗಿ ಹಾಡಿ. ಹಾಡಿ ಅಂದೆ. ಯಾರೋ ಸ್ಟುಡಿಯೋದಲ್ಲಿ ಹಾಡಿರೋ ಅದೇ ಕೀರ್ತನೆಯ ಎಂಪಿತ್ರೀ ತಗೊಂಡು ನಿಮ್ಮ ವಿಡಿಯೋ ಹಿಂದೆ ಹಾಕೋಹಂಗಿಲ್ಲ. ಕೀರ್ತನೆ ಹಳೇದಾದ್ರೂ ರೆಕಾರ್ಡಿಂಗು ಹೊಸಾದು, ಬಿಡುಗಡೆ ಆದ್ಮೇಲೆ ಅದಕ್ಕೆ ಅದರದ್ದೇ 60 ವರ್ಷ ಬೇರೆ. ಅರ್ಧಕ್ಕರ್ಧ ಜನ ಎಡವೋದು ಇಲ್ಲೇ. "ಇದು ದೇವರ ನಾಮ, ಇದಕ್ಕೆಂಥ ಕಾಪಿರೈಟು" ಅಂತಾರೆ. ನಾಮ ದೇವರ್ದೇ ಸ್ವಾಮಿ, ದನಿ ಆ ಹಾಡುಗಾರರ್ದು.

ಆಮೇಲೆ ಮಟ್ಟು. ಕಂಪನಿ ನಾಟಕದ ಹಳೇ ಮಟ್ಟುಗಳಲ್ಲಿ ಯಾರು ಕಟ್ಟಿದ್ದು ಅಂತಾನೇ ಗೊತ್ತಿಲ್ದೆ ಇರೋದು ಬೇಕಾದಷ್ಟಿದೆ, ಹಾರ್ಮೋನಿಯಂ ಮೇಷ್ಟ್ರಿಂದ ಮೇಷ್ಟ್ರಿಗೆ ಬಾಯಲ್ಲೇ ಬಂದಿರುತ್ತೆ. ಅದ್ರಿಂದ ತೊಂದ್ರೆ ಬಂದಿದ್ದು ನಾನು ನೋಡಿಲ್ಲ. ತೊಂದ್ರೆ ಬರೋದು ಸಿನಿಮಾ ಹಾಡಿನ ಧಾಟಿಗೆ ಪದ ಬದಲಾಯ್ಸಿ ಹಾಡಿದಾಗ. ಕೃಷ್ಣನ ಪಾರ್ಟು ಮಾಡೋನಿಗೆ ಚಪ್ಪಾಳೆ ಬೇಕು, ಹಳೇ ಹಿಟ್ ಹಾಡಿನ ಧಾಟೀಲಿ ಒಂದು ಸೇರಿಸ್ಕೊಂಡಿರ್ತಾನೆ, ಜನ ಒನ್ಸ್ ಮೋರ್ ಅಂತಾರೆ, ಯೂಟ್ಯೂಬಿನ ಮಿಷನ್ನೂ ಅಲ್ಲೇ ಹಿಡ್ಕೊಳುತ್ತೆ. ಪದ ಬೇರೆ ಆದ್ರೂ ಟ್ಯೂನಿಗೆ ಒಡೆಯ ಇರ್ತಾನೆ.

ಇಷ್ಟೆಲ್ಲಾ ಓದಿ "ಹಂಗಾರೆ ನಾಟಕ ಆಡದೇ ತಪ್ಪಾ" ಅಂತ ಗಾಬರಿ ಬೀಳ್ಬೇಡಿ. ನಮ್ಮ 1957ರ ಕಾಪಿರೈಟ್ ಕಾಯ್ದೇಲೇ 52ನೇ ಸೆಕ್ಷನ್ ಅಂತ ಒಂದಿದೆ, ಯಾವ್ ಯಾವುದು ಉಲ್ಲಂಘನೆ ಅಲ್ಲ ಅನ್ನೋ ಉದ್ದ ಪಟ್ಟಿ. ಹವ್ಯಾಸಿ ಸಂಘದೋರು ಟಿಕೆಟ್ ಇಲ್ದೆ ಜನಕ್ಕೆ ಆಡಿ ತೋರ್ಸಿದ್ರೆ, ಇಲ್ಲಾ ದೇವಸ್ಥಾನಕ್ಕೆ ದುಡ್ಡು ಸೇರ್ಸೋಕೆ ಆಡಿದ್ರೆ, ಅದು ತಪ್ಪಲ್ಲ. ಮದುವೆ ಮೆರವಣಿಗೇಲಿ ಹಾಡು ಹಾಕೋದೂ ತಪ್ಪಲ್ಲ. ಅಂದ್ರೆ ಜಾತ್ರೇಲಿ ನಿಮ್ಮೂರ ಯುವಕ ಸಂಘ ಆಡೋ ಕುರುಕ್ಷೇತ್ರಕ್ಕೆ ಕಾಯ್ದೇನೇ ದಾರಿ ಬಿಟ್ಟಿದೆ. ಆದ್ರೆ ಆ ದಾರಿ ಬಯಲಿನ ತುದಿವರ್ಗೂ ಮಾತ್ರ. ಅದನ್ನ ರೆಕಾರ್ಡ್ ಮಾಡಿ ಇಂಟರ್‌ನೆಟ್ಟಿಗೆ ಏರ್ಸಿದ್ರೆ ಅದು ಬೇರೆ ಕೆಲ್ಸ, ಅದಕ್ಕೆ ಈ ವಿನಾಯ್ತಿ ಬರಲ್ಲ. ಇದೊಂದು ತಲೇಲಿಟ್ಕೊಂಡ್ರೆ ಅರ್ಧ ಗೊಂದಲ ಹೋಗುತ್ತೆ.

ಈಗ ನಿಜವಾದ ಪಾಲುದಾರರು, ಪಾತ್ರಧಾರಿಗಳು. ವೇದಿಕೆ ಮೇಲೆ ಹಾಡೋರು, ಕುಣಿಯೋರು, ಬಾರ್ಸೋರು ಎಲ್ಲರಿಗೂ ಅವರ ಪ್ರದರ್ಶನದ ಮೇಲೆ 50 ವರ್ಷದ ಹಕ್ಕಿದೆ. ಪ್ರದರ್ಶನ ಮಾಡೋರು ಅಂದ್ರೆ ಯಾರು ಅಂತ ಕಾಯ್ದೇಲಿ ಬರೆದಿರೋ ಪಟ್ಟೀಲಿ ನಟ, ಹಾಡುಗಾರ, ವಾದ್ಯದವರ ಜೊತೆ ದೊಂಬರಾಟದವ್ರು, ಜಾದೂಗಾರ, ಹಾವಾಡಿಗ ಕೂಡ ಇದ್ದಾರೆ, ಓದಿ ಖುಷಿ ಆಯ್ತು ನಂಗೆ. ಹಾವಾಡಿಗನಿಗೆ ಇರೋ ಹಕ್ಕು ನಿಮ್ಮ ತಬಲದವನಿಗೆ ಇಲ್ವಾ? ತಮಟೆಯೋರಿಗೆ ಇಲ್ವಾ? ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆ ಬಾರ್ಸಿದ್ದಕ್ಕೆ. ನಮ್ಮ ಕಡೆ ವಿಡಿಯೋಗಳಲ್ಲಿ ತಮಟೆ ಬಂದ್ರೆ ಟೈಟಲ್ಲು "ಸೂಪರ್ ತಮಟೆ ಬೀಟ್ಸ್", ಬಾರ್ಸಿದೋರ ಹೆಸ್ರಿಗೆ ಜಾಗಾನೇ ಇರಲ್ಲ.

ಇಲ್ಲೊಂದು ಸೂಕ್ಷ್ಮ ಇದೆ, ಸ್ವಲ್ಪ ನಿಧಾನಕ್ಕೆ ಓದಿ. ನಮ್ಮ ನಾಟಕದಲ್ಲಿ ಗಂಡಸ್ರು ಪಾರ್ಟಿಗೆ ತಾವೇ ದುಡ್ಡು ಕೊಟ್ಟು ಮಾಡ್ತಾರೆ, ಕೃಷ್ಣನಿಗೆ ಇಷ್ಟು ದುರ್ಯೋಧನನಿಗೆ ಇಷ್ಟು ಅಂತ ರೇಟೇ ಇರುತ್ತೆ, ಅವರಿಗೆ ವಿಡಿಯೋ ಯೂಟ್ಯೂಬಲ್ಲಿ ಬಂದ್ರೆ ಹಬ್ಬ. ಆದ್ರೆ ದ್ರೌಪದಿ, ರುಕ್ಮಿಣಿ, ಉತ್ತರೆ ಪಾರ್ಟಿಗೆ ಬರೋ ಹೆಣ್ಮಕ್ಳು ಹೊರಗಡೆಯಿಂದ ಒಂದು ರಾತ್ರಿಗೆ ಇಷ್ಟು ಅಂತ ಮಾತಾಡ್ಕೊಂಡು ಬರೋರು, ಅವರಿಗೆ ಇದು ಹೊಟ್ಟೆಪಾಡು. ಅವರು ಒಪ್ಕೊಂಡಿರೋದು ಆ ರಾತ್ರಿ ಆ ಊರಲ್ಲಿ ಆಡೋಕೆ. ಅವರನ್ನ ಒಂದು ಮಾತೂ ಕೇಳ್ದೆ ಇಪ್ಪತ್ತು ಸೆಕೆಂಡಿನ ಡ್ಯಾನ್ಸ್ ಕತ್ತರಿಸಿ ಶಾರ್ಟ್ಸ್ ಮಾಡಿ ಹಾಕೋ ಚಾನೆಲ್‌ಗಳಿದಾವೆ, ಕೆಳಗೆ ಕಾಮೆಂಟ್ ಓದಿದ್ರೆ ಮೈ ಉರಿಯುತ್ತೆ. ಒಬ್ಬ ಕಲಾವಿದೆ ನಂಗೆ ನೇರವಾಗಿ ಹೇಳಿದ್ರು, "ಅಣ್ಣಾ ಪೂರ್ತಿ ನಾಟಕ ಹಾಕಿ ಬೇಡ ಅನ್ನಲ್ಲ, ಕತ್ತರಿಸಿ ಹಾಕ್ಬೇಡಿ, ನನ್ ಮಗಳು ಕಾಲೇಜಿಗೆ ಹೋಗ್ತಾಳೆ". ಅವತ್ತಿಂದ ಅದನ್ನೇ ರೂಲ್ ಮಾಡ್ಕೊಂಡಿದ್ದೀನಿ. ಪಾರ್ಟಿನ ಮೇಕಪ್ ಶುರು ಮಾಡೋ ಮುಂಚೆ, ಕಾಫಿ ಕುಡೀತಿರ್ತಾರಲ್ಲ, ಆಗ ಹೋಗಿ ಕೇಳಿ. ಮೇಕಪ್ ಆದ್ಮೇಲೆ ಯಾರಿಗೂ ಪುರುಸೊತ್ತಿರಲ್ಲ. ಬೇಡ ಅಂದ್ರೆ ಬೇಡ, ಪೆನ್‌ಡ್ರೈವ್ ಕೊಟ್ಟು ಸುಮ್ನಾಗಿ.

ಕೊನೇ ಪಾಲು ವಿಡಿಯೋದ್ದೇ, ಅಂದ್ರೆ ಶೂಟ್ ಮಾಡಿದ್ದು. ಇದು ಕೇಳಿ ನಮ್ಮ ವಿಡಿಯೋ ಹುಡುಗ್ರೆಲ್ಲ ಬೇಜಾರಾಗ್ತಾರೆ. ದುಡ್ಡು ಕೊಟ್ಟು ನಮ್ಮ ಕೈಲಿ ಶೂಟ್ ಮಾಡ್ಸಿದ್ರೆ, ಬೇರೆ ಮಾತಾಡ್ಕೊಂಡಿಲ್ಲ ಅಂದ್ರೆ, ಮೊದಲ ಒಡೆಯ ದುಡ್ಡು ಕೊಟ್ಟೋನು, ಕ್ಯಾಮೆರಾ ಹಿಡಿದೋನಲ್ಲ. ಕಾಯ್ದೆ 17ನೇ ಸೆಕ್ಷನ್. ಮದುವೆ ಫೋಟೋಗೂ ಇದೇನೇ. ಸಂಘದೋರು ನಿಮಗೆ ಹಣ ಕೊಟ್ಟು ಮಾಡ್ಸಿದ ನಾಟಕಾನ ನೀವು ನಿಮ್ಮ ಚಾನೆಲ್ಲಿಗೆ ಹಾಕ್ಕೊಂಡು ಅದ್ರಿಂದ ದುಡ್ಡು ಮಾಡ್ಬೇಕು ಅಂದ್ರೆ ಅವರ ಒಪ್ಪಿಗೆ ಬೇಕು. ನಾನು ನಾಕು ವರ್ಷ ಉಲ್ಟಾ ತಿಳ್ಕೊಂಡಿದ್ದೆ, ನನ್ನ ಕ್ಯಾಮೆರಾ ನನ್ನ ವಿಡಿಯೋ ಅಂತ. ಈಗ ರೇಟ್ ಮಾತಾಡುವಾಗಲೇ ಹೇಳ್ತೀನಿ, ಚಾನೆಲ್ಲಿಗೆ ಹಾಕ್ಕೊಳೋ ಹಂಗಿದ್ರೆ ಇಷ್ಟು ಕಮ್ಮಿ, ಇಲ್ಲಾಂದ್ರೆ ಪೂರ್ತಿ ರೇಟು. ಯಾರೂ ಜಗಳ ಆಡಿಲ್ಲ ಇದುವರ್ಗೂ.

ಇದೆಲ್ಲ ಬಾಯಲ್ಲಿ ಆದ್ರೆ ನಿಲ್ಲಲ್ಲ. ಹಕ್ಕು ಬಿಟ್ಕೊಡೋದು, ಲೈಸೆನ್ಸ್ ಕೊಡೋದು ಬರವಣಿಗೇಲಿ ಇರ್ಬೇಕು. ಎಷ್ಟು ವರ್ಷ ಅಂತ ಬರೀದೆ ಇದ್ರೆ 5 ವರ್ಷ ಅಂತ ಲೆಕ್ಕ, ಎಲ್ಲೆಲ್ಲಿ ಅಂತ ಬರೀದೆ ಇದ್ರೆ ಇಂಡಿಯಾ ಮಾತ್ರ ಅಂತ ಲೆಕ್ಕ. ಯೂಟ್ಯೂಬು ದುಬೈಲಿ ಇರೋ ನಮ್ಮೂರ ಡ್ರೈವರೂ ನೋಡ್ತಾನೆ, ಹಂಗಾಗಿ ಅದನ್ನ ಬರ್ಕೊಳಿ. ಸ್ಟಾಂಪ್ ಪೇಪರ್ ಗೀಪರ್ ಅಂತ ಹೆದರ್ಸಿದ್ರೆ ಯಾರೂ ಸೈನ್ ಹಾಕಲ್ಲ, ನಾನು ಅರ್ಧ ಹಾಳೆ ಜೆರಾಕ್ಸ್ ಇಟ್ಕೊಂಡಿರ್ತೀನಿ, ಅದರಲ್ಲಿರೋದು ಇಷ್ಟೇ:

"ದಿನಾಂಕ ...ರಂದು ... ಗ್ರಾಮದಲ್ಲಿ ನಡೆದ ... ನಾಟಕದಲ್ಲಿ ನಾನು ... ಪಾತ್ರ ಮಾಡಿರುತ್ತೇನೆ / ... ವಾದ್ಯ ನುಡಿಸಿರುತ್ತೇನೆ. ಇದರ ಪೂರ್ತಿ ವಿಡಿಯೋವನ್ನು ... ಅವರು ಯೂಟ್ಯೂಬ್ ಮತ್ತು ಫೇಸ್‌ಬುಕ್‌ನಲ್ಲಿ ಹಾಕಲು ನನ್ನ ಒಪ್ಪಿಗೆ ಇದೆ. ಅವಧಿ 10 ವರ್ಷ, ಎಲ್ಲಾ ದೇಶಗಳಿಗೂ ಸೇರಿ. ತುಣುಕು ಮಾಡಿ ಹಾಕಲು ಒಪ್ಪಿಗೆ ಇದೆ / ಇಲ್ಲ. ನನ್ನ ಹೆಸರನ್ನು ವಿಡಿಯೋದಲ್ಲಿ ಹಾಕತಕ್ಕದ್ದು. ವಿಡಿಯೋದಿಂದ ಹಣ ಬಂದಲ್ಲಿ ಹಂಚಿಕೆ: ..."

ಕೆಳಗೆ ಹೆಸ್ರು, ಸಹಿ, ಫೋನ್ ನಂಬರು. ಸಹಿ ಮಾಡಿದ್ ಹಾಳೆ ಫೋಟೋ ತಗೊಂಡು ಅವರಿಗೂ ವಾಟ್ಸಾಪ್ ಮಾಡ್ಬಿಡಿ, ನಾಳೆ "ನಾನ್ ಯಾವಾಗ್ ಹಾಕ್ದೆ" ಅನ್ನೋದು ತಪ್ಪುತ್ತೆ. ದುಡ್ಡಿನ ಸಾಲು ಖಾಲಿ ಬಿಡ್ಬೇಡಿ, ಸೊನ್ನೆ ಆದ್ರೂ ಸೊನ್ನೆ ಅಂತ ಬರೀರಿ. ಬರ್ದಿರೋ ಪುಸ್ತಕದವ್ರು ಸಿಕ್ಕಿದ್ರೆ ಅವರ ಹತ್ರಾನೂ ಒಂದು. ಎಷ್ಟೋ ಸಲ ಪುಸ್ತಕದ ಮೇಲೆ ಇರೋ ವಿಳಾಸಕ್ಕೆ ಹೋದ್ರೆ ಆ ಅಂಗಡಿ ಜಾಗದಲ್ಲಿ ಮೆಡಿಕಲ್ ಸ್ಟೋರ್ ಇರುತ್ತೆ, ಅದೂ ನಿಜ. ಅಂತ ನಾಟಕದ್ದು ಪೂರ್ತಿ ಹಾಕ್ದೆ ಕುಮಾರವ್ಯಾಸನ ಪದ್ಯ, ಹಳೇ ಮಟ್ಟು ಇರೋ ದೃಶ್ಯ ಮಾತ್ರ ಹಾಕ್ತೀನಿ ನಾನು.

ಶೂಟಿಂಗ್ ದಿನದ ಕೆಲವು ವಿಷ್ಯ ಬೇಗ ಹೇಳ್ಬಿಡ್ತೀನಿ. ನಾಟಕ ಶುರು ಆಗೋ ಮುಂಚೆ ಸೌಂಡ್ ಸಿಸ್ಟಮ್‌ನೋರು ಎರಡು ಗಂಟೆ ಸಿನಿಮಾ ಹಾಡು ಹಾಕಿರ್ತಾರೆ, ಆಗ ಜನದ ಶಾಟ್ ತಗೊಂಡ್ರೆ ಆಡಿಯೋ ಬಿಸಾಕಿ, ಬರೀ ಚಿತ್ರ ಇಟ್ಕೊಳಿ. ಮಿಕ್ಸರ್‌ನಿಂದ ನೇರ ಲೈನ್ ತಗೊಳಿ, ಪಕ್ಕದ ಬೀದಿ ಆರ್ಕೆಸ್ಟ್ರಾದ ಹಾಡು ನಿಮ್ಮ ಮೈಕಿಗೆ ಬರಲ್ಲ. ಪರದೆ ಬದಲಾಯ್ಸೋ ಹೊತ್ತಲ್ಲಿ ಕೀಬೋರ್ಡ್‌ನವ್ನು ಸುಮ್ನೆ ಕೂರಲ್ಲ, ಯಾವ್ದಾದ್ರೂ ಸಿನಿಮಾ ಬಿಟ್ ನುಡಿಸ್ತಿರ್ತಾನೆ, ಅದನ್ನ ಎಡಿಟಿಂಗ್‌ನಲ್ಲಿ ಕತ್ತರಿಸಿ. ಎರಡು ನಿಮಿಷದ ಆ ಬಿಟ್ಟಿಗೋಸ್ಕರ ನಾಲ್ಕು ಗಂಟೆ ವಿಡಿಯೋಗೆ ಕ್ಲೇಮ್ (ಇದು ನಮ್ದು ಅನ್ನೋ ಕಾಪಿರೈಟ್ ತಕರಾರು) ಬಂದಿದೆ ನಂಗೆ.

ಹಿನ್ನೆಲೆಗೆ ಮ್ಯೂಸಿಕ್ ಬೇಕೇ ಬೇಕು ಅಂದ್ರೆ ಯೂಟ್ಯೂಬ್ ಸ್ಟುಡಿಯೋದಲ್ಲೇ ಆಡಿಯೋ ಲೈಬ್ರರಿ ಇದೆ, ಬಿಟ್ಟಿ. ಇನ್ನೊಂದು ಕ್ರಿಯೇಟಿವ್ ಕಾಮನ್ಸ್. ಇದು 2001ರಲ್ಲಿ ಅಮೆರಿಕಾದಲ್ಲಿ ಶುರು ಆದ ಸಂಸ್ಥೆ, ಕಾಪಿರೈಟ್ ಬೇಡ ಅನ್ನೋರಲ್ಲ ಇವ್ರು, "ನನ್ನ ಕೆಲ್ಸ ತಗೋ, ಈ ಷರತ್ತಿಗೆ ಒಪ್ಪಿ ತಗೋ" ಅಂತ ಹೇಳೋಕೆ ಒಂದು ರೆಡಿಮೇಡ್ ಚೀಟಿ ಮಾಡಿ ಕೊಟ್ಟೋರು. ಚೀಟೀಲಿ ಬೈ (BY) ಅಂತಿದ್ರೆ ಹೆಸ್ರು ಹಾಕು ಅಂತ. ಎಸ್‌ಎ ಅಂದ್ರೆ ನೀನು ಬದಲಾಯ್ಸಿ ಮಾಡಿದ್ದನ್ನೂ ಇದೇ ಷರತ್ತಿಗೆ ಬಿಡು ಅಂತ, ವಿಕಿಪೀಡಿಯಾ ಇರೋದು ಈ ಲೆಕ್ಕದಲ್ಲಿ. ಎನ್‌ಸಿ ಅಂದ್ರೆ ದುಡ್ಡು ಮಾಡೋ ಕೆಲ್ಸಕ್ಕೆ ಬಳಸ್ಬೇಡ, ನಿಮ್ಮ ಚಾನೆಲ್ಲಲ್ಲಿ ಜಾಹೀರಾತು ಬರ್ತಿದ್ರೆ ಇದನ್ನ ಮುಟ್ಬೇಡಿ. ಎನ್‌ಡಿ ಅಂದ್ರೆ ಕತ್ತರಿ ಹಾಕ್ಬೇಡ. ಬಳಸ್ಕೊಂಡ್ರೆ ಡಿಸ್ಕ್ರಿಪ್ಶನ್ನಲ್ಲಿ ಮಾಡಿದೋರ ಹೆಸ್ರು, ಹಾಡಿನ ಹೆಸ್ರು, ಲಿಂಕು, ಯಾವ ಲೈಸೆನ್ಸು, ನಾಲ್ಕೂ ಹಾಕಿ, ಬರೀ "ಕ್ರೆಡಿಟ್ಸ್ ಟು ಓನರ್" ಅಂತ ಹಾಕೋದು ಪೋಸ್ಟ್ ಕಾರ್ಡ್ ಮೇಲೆ "ಸೇರಬೇಕಾದವರಿಗೆ" ಅಂತ ಬರ್ದಂಗೆ. ಟೈಟಲ್‌ಗೆ ಬೇಕಾದ ಫಾಂಟೂ ಅಷ್ಟೇ, ಎಲ್ಲಿಂದಲೋ ಪೆನ್‌ಡ್ರೈವಲ್ಲಿ ಬಂದಿದ್ದು ಬೇಡ, ನೋಟೋ ಸಾನ್ಸ್ ಕನ್ನಡ ಇದೆ, ಬಲೂ ತಮ್ಮ ಇದೆ, ಗುಬ್ಬಿ ಅಂತಾನೇ ಒಂದು ಮುಕ್ತ ಫಾಂಟ್ ಇದೆ, ನಮ್ಮ ಕಡೆ ನಾಟಕಕ್ಕೆ ಗುಬ್ಬಿ ಫಾಂಟ್ ಹಾಕಿದ್ರೆ ಅದೊಂತರ ಚೆಂದ ಅಲ್ವಾ.

ನನ್ನದೇ ಫೋಟೋ ಇದ್ರೆ ನಾನು ಈ ಚೀಟಿ ಅಂಟಿಸ್ತೀನಿ. ದೇವರಾಯನದುರ್ಗದಲ್ಲಿ ಬೆಳಗ್ಗೆ ಮಂಜು ಬಿದ್ದಾಗ ತೆಗ್ದಿದ್ದು ಒಂದಷ್ಟು ವಿಕಿಮೀಡಿಯಾ ಕಾಮನ್ಸಿಗೆ ಹಾಕಿದ್ದೀನಿ, ಯಾರ್ ಬೇಕಾದ್ರೂ ತಗೊಳ್ಲಿ. ನಾಟಕದ ವಿಡಿಯೋಗೆ ಮಾತ್ರ ಹಾಕಲ್ಲ. ಯೂಟ್ಯೂಬಲ್ಲಿ ಕ್ರಿಯೇಟಿವ್ ಕಾಮನ್ಸ್ ಅಂದ್ರೆ ಬೈ ಒಂದೇ ಇರೋದು, ಅಂದ್ರೆ ಯಾರಾದ್ರೂ ಕತ್ತರಿಸಿ ದುಡ್ಡು ಮಾಡ್ಕೊಬೋದು, ಒಂದ್ಸಲ ತಗೊಂಡೋನಿಂದ ವಾಪಸ್ ಕಿತ್ಕೊಳೋಕೂ ಆಗಲ್ಲ. ಹದಿನೈದು ಪಾತ್ರಧಾರಿಗಳ ಪಾಲನ್ನ ದಾನ ಮಾಡೋಕೆ ನಾನ್ಯಾರು?

ಅಪ್‌ಲೋಡ್ ಮಾಡುವಾಗ ಮೊದ್ಲು ಪ್ರೈವೇಟ್ ಅಂತ ಇಟ್ಟು ಹಾಕಿ. ಚೆಕ್ಸ್ ಅಂತ ಒಂದು ಹಂತ ಬರುತ್ತೆ, ಅಲ್ಲೇ ಕಾಪಿರೈಟ್ ಇದ್ರೆ ತೋರ್ಸುತ್ತೆ. ಅವಸರ ಮಾಡಿ ಪಬ್ಲಿಕ್ ಒತ್ಬೇಡಿ, ರಾತ್ರಿ ಹಾಕಿ ಮಲಗಿ ಬೆಳಗ್ಗೆ ನೋಡಿ. ಕ್ಲೇಮ್ ಬಂದಿದ್ರೆ ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷ ಅಂತ ಇರುತ್ತೆ, ಆ ತುಂಡನ್ನ ಅಲ್ಲೇ ಕತ್ತರಿಸ್ಬೋದು, ಹಾಡು ಮ್ಯೂಟ್ ಮಾಡ್ಬೋದು, ಬೇರೆ ಹಾಡು ಹಾಕ್ಬೋದು.

ಕ್ಲೇಮು ಬೇರೆ, ಸ್ಟ್ರೈಕು ಬೇರೆ, ಇದು ಗೊತ್ತಿಲ್ದೇ ಜನ ಹೆದರ್ಕೊಂಡು ಇಡೀ ಚಾನೆಲ್ಲೇ ಡಿಲೀಟ್ ಮಾಡ್ಕೊಂಡಿರೋದು ಉಂಟು. ಕ್ಲೇಮು ಮಿಷನ್ ಹಾಕೋದು, 2007ರಲ್ಲಿ ಬಂದ ಕಂಟೆಂಟ್ ಐಡಿ ಅನ್ನೋ ವ್ಯವಸ್ಥೆ, ನಿಮ್ಮ ಆಡಿಯೋನ ಕಂಪನಿಗಳು ಕೊಟ್ಟಿರೋ ಹಾಡಿನ ಜೊತೆ ಹೋಲ್ಸಿ ನೋಡುತ್ತೆ. ಸಾಮಾನ್ಯವಾಗಿ ಜಾಹೀರಾತಿನ ದುಡ್ಡು ಅವರಿಗೆ ಹೋಗುತ್ತೆ, ಕೆಲವು ಸಲ ವಿಡಿಯೋ ಬ್ಲಾಕ್ ಆಗುತ್ತೆ, ಅಷ್ಟೇ. ಸ್ಟ್ರೈಕು ಅಂದ್ರೆ ಮನುಷ್ಯ ಯಾರೋ ದೂರು ಕೊಟ್ಟಿದ್ದಾನೆ ಅಂತ. ಮೊದಲ ಸ್ಟ್ರೈಕಿಗೆ ಕಾಪಿರೈಟ್ ಸ್ಕೂಲ್ ಅಂತ ಸಣ್ಣ ಪಾಠ ಮುಗಿಸ್ಬೇಕು, 90 ದಿನಕ್ಕೆ ಹೋಗುತ್ತೆ, ಅಷ್ಟರೊಳಗೆ ಮೂರಾದ್ರೆ ಚಾನೆಲ್ ಹೋಯ್ತು.

ಕ್ಲೇಮು ತಪ್ಪು ಅನ್ನಿಸಿದ್ರೆ ಡಿಸ್ಪ್ಯೂಟ್ ಮಾಡಿ, ಹೆದರ್ಬೇಡಿ. ಒಂದ್ಸಲ ನಮ್ಮ ಹಾರ್ಮೋನಿಯಂ ಮೇಷ್ಟ್ರು ಸ್ವಂತವಾಗಿ ಹಾಡಿದ ಹಳೇ ದೇವರ ನಾಮಕ್ಕೆ ಯಾವುದೋ ಭಕ್ತಿಗೀತೆ ಆಲ್ಬಮ್ಮಿನೋರ ಕ್ಲೇಮ್ ಬಂತು, ಇಬ್ರೂ ಒಂದೇ ರಾಗದಲ್ಲಿ ಹಾಡಿದ್ರು ಅಂತ ಮಿಷನ್ನಿಗೆ ಗೊಂದಲ. "ಹಾಡು ಹಳೇದು, ಕಾಪಿರೈಟ್ ಮುಗ್ದಿದೆ, ರೆಕಾರ್ಡಿಂಗ್ ನನ್ನದೇ, ಇಂತ ತಾರೀಖು ಇಂತ ಊರಲ್ಲಿ ಮಾಡಿದ್ದು" ಅಂತ ನಾಲ್ಕು ಸಾಲು ಬರ್ದೆ. ಅವರಿಗೆ 30 ದಿನ ಟೈಮ್ ಇರುತ್ತೆ, ಅವರಿಂದ ಉತ್ರ ಬರದೇ ಇದ್ರೆ ಕ್ಲೇಮ್ ತಾನಾಗೇ ಬಿದ್ದೋಗುತ್ತೆ, ನಂದು ಹಂಗೇ ಬಿತ್ತು. ಆದ್ರೆ ನಿಜವಾಗ್ಲೂ ಸಿನಿಮಾ ಹಾಡು ಹಾಕಿದ್ದು ನೀವೇ ಆಗಿದ್ರೆ ಡಿಸ್ಪ್ಯೂಟ್ ಮಾಡಿ ಜಂಬ ಕೊಚ್ಕೊಬೇಡಿ, ಅಲ್ಲಿಂದ ಸ್ಟ್ರೈಕಿಗೆ ಹೋಗೋದು ಒಂದೇ ಹೆಜ್ಜೆ.

ಕಟ್ಟೆ ಮೇಲಿನ ಕಾನೂನು ಒಂದಷ್ಟಿದೆ, ಅದನ್ನ ನಂಬ್ಬೇಡಿ. ಹತ್ತು ಸೆಕೆಂಡ್ ಹಾಕಿದ್ರೆ ಏನಾಗಲ್ಲ ಅಂತ ಎಲ್ಲೂ ಬರ್ದಿಲ್ಲ. ಉಲ್ಲಂಘನೆ ಉದ್ದೇಶ ಇಲ್ಲ ಅಂತ ಕೆಳಗೆ ಬರೆದ್ರೆ ಅದು ಮಂತ್ರ ಅಲ್ಲ. ರಿಜಿಸ್ಟ್ರೇಷನ್ ಮಾಡ್ಸಿಲ್ಲ ಅಂದ್ರೆ ಕಾಪಿರೈಟೇ ಇಲ್ಲ ಅನ್ನೋದೂ ಸುಳ್ಳು, ಬರ್ದ ಕ್ಷಣದಿಂದ ಇರುತ್ತೆ, ನೋಂದಣಿ ಬರೀ ಸಾಕ್ಷಿಗೆ. ಜೆರಾಕ್ಸ್ ಮಾಡೋದೆಲ್ಲ ಅಪರಾಧ ಅನ್ನೋದೂ ಅಷ್ಟೇ, 2016ರಲ್ಲಿ ದೆಹಲಿ ಹೈಕೋರ್ಟು ಯೂನಿವರ್ಸಿಟಿ ಪಕ್ಕದ ಜೆರಾಕ್ಸ್ ಅಂಗಡಿ ಕೇಸಲ್ಲಿ, ಪಾಠಕ್ಕೆ ಬೇಕಾದ ಭಾಗಗಳನ್ನ ಪ್ರತಿ ಮಾಡಿ ವಿದ್ಯಾರ್ಥಿಗಳಿಗೆ ಕೊಡೋದು ತಪ್ಪಲ್ಲ ಅಂತು. ಹೊಸ ಸಿನಿಮಾ ಟಾರೆಂಟಲ್ಲಿ "ನಾನು ಬರೀ ಡೌನ್‌ಲೋಡ್ ಮಾಡ್ದೆ" ಅನ್ನೋ ಹುಡುಗ್ರಿಗೆ ಒಂದು ಮಾತು, ಟಾರೆಂಟ್ ಕೆಲ್ಸ ಮಾಡೋದೇ ನೀನು ಇಳಿಸ್ಕೊಂಡ ತುಂಡನ್ನ ಇನ್ನೊಬ್ಬನಿಗೆ ಕಳಿಸೋ ಲೆಕ್ಕದಲ್ಲಿ, ಹಂಗಾಗಿ ನೀನೂ ಹಂಚ್ತಾನೇ ಇರ್ತೀಯ. ಥಿಯೇಟರಲ್ಲಿ ಪರದೆ ರೆಕಾರ್ಡ್ ಮಾಡೋದಕ್ಕೆ 2023ರಲ್ಲಿ ಕಾಯ್ದೆ ಬಿಗಿ ಆಗಿದೆ, ಕನಿಷ್ಠ 3 ತಿಂಗಳು ಜೈಲು, 3 ಲಕ್ಷ ದಂಡ. ಹೀರೋ ಎಂಟ್ರಿ ಅಂತ ಸ್ಟೇಟಸ್ಸಿಗೆ ಹಾಕೋ ಮುಂಚೆ ನೆನಪಿಟ್ಕೊಳಿ.

ಈಗ ನಂಗೆ ಬಿದ್ದ ಏಟಿನ ಕಥೆ. ಗುಬ್ಬಿ ತಾಲ್ಲೂಕಿನ ಒಂದು ಹಳ್ಳೀಲಿ ಮಾಡಿದ ನಾಟಕ, ನಾನೇ ಖರ್ಚು ಹಾಕ್ಕೊಂಡು ಎರಡು ಕ್ಯಾಮೆರಾದಲ್ಲಿ ಮಾಡಿದ್ದು, ಮೊದಲ ಎರಡು ನಿಮಿಷ ಎಲ್ಲರ ಹೆಸ್ರು ಫೋಟೋ ಸಮೇತ ಹಾಕಿದ್ದೆ. ಯಾವುದೋ ಒಂದು ಚಾನೆಲ್ಲು ಅದನ್ನ ಇಳಿಸ್ಕೊಂಡು, ಮೊದಲ ಎರಡು ನಿಮಿಷ ಕತ್ತರಿಸಿ, ಮೂಲೇಲಿದ್ದ ನನ್ನ ಹೆಸ್ರಿನ ಮೇಲೆ ಅವರ ಲೋಗೋ ಅಂಟ್ಸಿ ಹಾಕ್ತು. ನನ್ನದಕ್ಕೆ ಒಂಬತ್ತು ಸಾವಿರ ವ್ಯೂಸು, ಅವರದಕ್ಕೆ ಲಕ್ಷ ದಾಟ್ತು. ನಾನು ದುಡ್ಡು ಹೋಯ್ತು ಅಂತ ಉರ್ಕೊಂಡು ಹಾರ್ಮೋನಿಯಂ ಮೇಷ್ಟ್ರ ಮನೆಗೆ ಹೋದೆ. ಮೇಷ್ಟ್ರು ಫೋನ್ ಹಿಡ್ಕೊಂಡು ಕಾಮೆಂಟ್ ಓದ್ತಿದ್ರು. ಯಾರೋ ಬರ್ದಿದ್ರು, "ಹಾರ್ಮೋನಿಯಂ ಅದ್ಭುತ, ಯಾರು ಇವರು?" ಕೆಳಗೆ ಒಬ್ಬ ಬೇರೆ ಯಾರದೋ ಹೆಸ್ರು ಉತ್ರ ಕೊಟ್ಟಿದ್ದ, ಅದಕ್ಕೆ ಇನ್ನೂರು ಲೈಕು. ಮೇಷ್ಟ್ರು ಕನ್ನಡಕ ತೆಗೆದು ಪಂಚೆ ತುದೀಲಿ ಒರ್ಸ್ಕೊಂಡು, "ನಲವತ್ತು ವರ್ಷ ಕಣಪ್ಪ ಈ ಪೆಟ್ಟಿಗೆ ಒತ್ತಿದ್ದು" ಅಂದ್ರು. ನಂಗೆ ದುಡ್ಡಿನ ವಿಷ್ಯ ಎತ್ತೋಕೇ ಬಾಯಿ ಬರ್ಲಿಲ್ಲ.

ನಿಮಗೂ ಹಿಂಗಾದ್ರೆ ಕಾಮೆಂಟಲ್ಲಿ ಬೈಕೊಂಡು ಕೂರ್ಬೇಡಿ. ಮೊದ್ಲು ಅವರ ವಿಡಿಯೋದ ಲಿಂಕು, ಸ್ಕ್ರೀನ್‌ಶಾಟು ತಾರೀಖು ಕಾಣೋ ಹಂಗೆ ಇಟ್ಕೊಳಿ. ಯೂಟ್ಯೂಬ್ ಸ್ಟುಡಿಯೋದಲ್ಲಿ ಕಾಪಿರೈಟ್ ಅಂತ ಇರುತ್ತೆ, ಅಲ್ಲಿ ವಿಡಿಯೋ ತೆಗೆಸೋ ಮನವಿ ಕೊಡ್ಬೋದು, ಫೇಸ್‌ಬುಕ್ಕಿಗೂ ಅದರದ್ದೇ ಫಾರಂ ಇದೆ. ಅವರು ತಿರುಗಿ ವಾದ ಹಾಕಿದ್ರೆ ನೀವು 10 ಕೆಲಸದ ದಿನದೊಳಗೆ ಕೋರ್ಟಿಗೆ ಹೋಗಿರೋ ದಾಖಲೆ ತೋರಿಸ್ಬೇಕು, ಇಲ್ಲಾಂದ್ರೆ ವಿಡಿಯೋ ವಾಪಸ್ ಬರುತ್ತೆ, ನಂದ್ರಲ್ಲಿ ಅವರು ವಾದಾನೇ ಹಾಕ್ಲಿಲ್ಲ. ಕ್ಯಾಮೆರಾದಿಂದ ಬಂದ ಮೂಲ ಫೈಲು, ಕಾರ್ಡಲ್ಲಿ ಇದ್ದಂಗೇ, ಹಾರ್ಡ್‌ಡಿಸ್ಕಲ್ಲಿ ಎರಡು ಕಡೆ ಇಟ್ಟಿರಿ, ನಂದು ಅಂತ ಹೇಳೋಕೆ ಅದಕ್ಕಿಂತ ಸಾಕ್ಷಿ ಇಲ್ಲ. ಹೆಸ್ರು ಹಾಕಿಸ್ಕೊಳೋ ಹಕ್ಕು ಬರೆದೋರಿಗೂ ಇದೆ, ಪ್ರದರ್ಶನ ಮಾಡಿದೋರಿಗೂ ಇದೆ, ಅವರ ಪರವಾಗಿ ಮೇಷ್ಟ್ರ ಕೈಲೂ ಒಂದು ಪತ್ರ ಬರೆಸಿಟ್ಕೊಳಿ.

ಅವತ್ತಿಂದ ನಾನು ಹೆಸ್ರನ್ನ ಬರೀ ಶುರುವಿನಲ್ಲಿ ಹಾಕಲ್ಲ. ಒಬ್ಬೊಬ್ಬ ಪಾತ್ರಧಾರಿ ಮೊದಲ ಸಲ ಬಂದಾಗ ಕೆಳಗೆ ಹೆಸ್ರು, ಪಾತ್ರ, ಊರು. ಒಳ್ಳೇ ಕಂದಪದ್ಯ ಬಂದಾಗ ಹಾಡಿದೋರ ಹೆಸ್ರು, ಪಕ್ಕದಲ್ಲಿ ಹಾರ್ಮೋನಿಯಂ ತಬಲದೋರ ಹೆಸ್ರು. ಕದಿಯೋನು ಹೆಸ್ರು ತೆಗೀಬೇಕು ಅಂದ್ರೆ ನಾಟಕಾನೇ ಕತ್ತರಿಸ್ಬೇಕು. ಡಿಸ್ಕ್ರಿಪ್ಶನ್ನಲ್ಲೂ ಪಾಂಪ್ಲೆಟ್‌ನಲ್ಲಿರೋ ಎಲ್ಲಾ ಹೆಸ್ರು ಕನ್ನಡದಲ್ಲಿ ಟೈಪ್ ಮಾಡಿ, ಹೆಸ್ರು ಹಾಕಿ ಹುಡುಕಿದ್ರೆ ಸಿಗ್ಬೇಕಲ್ಲ, ಸೀನರಿಯೋರ್ದೂ ಮೇಕಪ್‌ನೋರ್ದೂ ಬಿಡ್ಬೇಡಿ. ಈ ವರ್ಷ ಮೇಷ್ಟ್ರ ಹೆಸ್ರು ಆರು ಕಡೆ ಬಂದಿತ್ತು. ವಿಡಿಯೋ ಹಾಕಿದ್ ರಾತ್ರೀನೇ ಫೋನ್ ಮಾಡಿದ್ರು, ಹೊಗಳ್ತಾರೇನೋ ಅಂತ ಎತ್ತಿದೆ. "ನಂದೆಲ್ಲ ಸರಿ ಹಾಕಿದ್ದೀಯ, ತಬಲದವನ ಇನಿಷಿಯಲ್ ತಪ್ಪಾಗೈತೆ, ಅವನು ಬೇಜಾರ್ ಮಾಡ್ಕೊಂಡವ್ನೆ" ಅಂದ್ರು. ಯೂಟ್ಯೂಬಲ್ಲಿ ಒಂದ್ಸಲ ಹಾಕಿದ ವಿಡಿಯೋನ ಅದೇ ಲಿಂಕಲ್ಲಿ ಬದಲಾಯ್ಸೋಕೆ ಬರಲ್ಲ, ಮೂರು ಸಾವಿರ ವ್ಯೂಸ್ ಬಿಟ್ಟು ಮತ್ತೆ ಹಾಕ್ದೆ. ಅದಕ್ಕೇ ಎಕ್ಸ್‌ಪೋರ್ಟ್ ಒತ್ತೋ ಮುಂಚೆ ಪಾಂಪ್ಲೆಟ್ ಪಕ್ಕದಲ್ಲಿಟ್ಕೊಂಡು ಒಂದೊಂದೇ ಹೆಸ್ರಿಗೆ ಟಿಕ್ ಹಾಕ್ಕೊಳಿ, ಪಾಂಪ್ಲೆಟ್‌ನಲ್ಲೇ ತಪ್ಪಿರುತ್ತೆ, ಮೇಷ್ಟ್ರಿಗೂ ಒಂದು ಫೋನ್ ಮಾಡಿಬಿಡಿ.